ಬೀಜ ಒಲ್ಲೆ ಎಂದ ಚೌಕ

ನಾನು ಓದು ಬಿಟ್ಟಿದ್ದು 1996ರಲ್ಲಿ, ಏಳನೇ ಕ್ಲಾಸಿನಲ್ಲಿ. ಅಂದಿನಿಂದ ಮಣ್ಣಿನ ಕೆಲಸವೇ. ಜಯನಗರ, ಬನಶಂಕರಿ ಕಡೆಯ ಎಷ್ಟೋ ಮನೆಗಳ ಕೈತೋಟ ನನ್ನ ಕೈಯಲ್ಲಿ ಎದ್ದವು. ಒಮ್ಮೆ ಕರೆದವರು ಮತ್ತೆ ಬೇರೆಯವರನ್ನು ಕರೆದಿಲ್ಲ. ಆದರೆ 2022ರಲ್ಲಿ ಬೇಗೂರಿನ ಹತ್ತಿರ ಮಾಡಿದ ಒಂದು ಬಿತ್ತನೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಜಾಗ ರುದ್ರಪ್ಪನವರದು. ತಿಲಕ್ ನಗರದಲ್ಲಿ ಅವರಿಗೆ ಪೇಂಟ್ ಅಂಗಡಿ. ಹಿರಿಯರ ಹೊಲದಲ್ಲಿ ಉಳಿದ ಕೊನೆಯ ತುಂಡು ಅದು. ತಾಯಿಯನ್ನು ಅಲ್ಲೇ ಮಣ್ಣು ಮಾಡಿ, ಗುರುತಿಗೆ ಕಲ್ಲು ನೆಟ್ಟಿದ್ದರು. ಮನೆ ಕಟ್ಟಲು ಇಳಿಜಾರನ್ನು ಮಟ್ಟ ಮಾಡಿಸುವಾಗ ಜೆಸಿಬಿಯವನು ಮೇಲ್ಮಣ್ಣಿನ ಜೊತೆ ಆ ಕಲ್ಲನ್ನೂ ಲಾರಿಗೆ ತುಂಬಿಬಿಟ್ಟಿದ್ದ.

"ಅಮ್ಮ ಆ ಬೇವಿನ ಮರದ ಮೂಲೇಲಿ ಇದಾರೆ, ನಂಗೆ ಗ್ಯಾರಂಟಿ. ಅದನ್ನ ಬಿಟ್ಟೇ ಪ್ಲ್ಯಾನ್ ಹಾಕ್ಸಿದೀನಿ. ಪಾಯ ತೆಗೆಯೋವಾಗ ಅವ್ರಿಗೆ ಹಾರೆ ತಾಗಿದ್ರೆ ನಾನ್ ಆ ಮನೇಲಿ ಅನ್ನ ಉಣ್ಣಕ್ಕಾಗಲ್ಲ," ಎಂದರು.

ಪಾಯ ಶ್ರಾವಣದಲ್ಲಿ. ಅಲ್ಲಿಯವರೆಗೆ ಖಾಲಿ ಬಿಟ್ಟರೆ ಜನ ಕಸ ಸುರಿಯುತ್ತಾರೆ. ತಾಯಿಯ ಹೆಸರಲ್ಲಿ ಹಕ್ಕಿಗೆ ಕಾಳು, ದನಕ್ಕೆ ಮೇವು ಆಗಲೆಂದು ನವಣೆ, ರಾಗಿ ಬಿತ್ತಲು ನನಗೆ ಹೇಳಿದರು.

ಜೆಸಿಬಿ ಕೆಲಸ ಮುಗಿದ ಮೇಲೆ ಹಾಕಿಸಿದ ಗೇಟು ಕಿರಿದು, ಟ್ರ್ಯಾಕ್ಟರ್ ಬರುವುದಿಲ್ಲ. ನನಗದು ಬೇಕಾಗಿಯೂ ಇರಲಿಲ್ಲ. ಸಣ್ಣ ಬೀಜ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ, ಮೇಲೇ ಉಳಿದರೆ ಪಾರಿವಾಳದ ಪಾಲು. ಉಗುರು ಮುಚ್ಚುವಷ್ಟು ಮಣ್ಣು ಸಾಕು. ನೆಲ ಕೆದರಿ, ಬೀಜಕ್ಕೆ ಒಣ ಮರಳು ಬೆರೆಸಿ ಎರಚಿದೆ. ಹಳೆ ಬೇಲಿಯ ಜಾಲರಿಗೆ ಜಾಲಿಮುಳ್ಳಿನ ಕೊಂಬೆ ಕಟ್ಟಿ, ಭಾರಕ್ಕೆ ಸವೆದ ಟೈರ್ ಹೇರಿ, ಹಗ್ಗ ಹಿಡಿದು ಎಳೆದೆ. ನನ್ನ ಜೊತೆ ದುಡಿಯುವ ಮಾದಮ್ಮ ಹಿಂದಿನಿಂದ ಪಾದಕ್ಕೆ ಪಾದ ತಾಗಿಸಿ ತುಳಿಯುತ್ತ ಬಂದಳು. ಹಾಗೆ ತುಳಿದರೇ ಮಣ್ಣು ಬೀಜವನ್ನು ಹಿಡಿದುಕೊಳ್ಳುವುದು.

ಗೇಟಿನ ಎದುರಿಗೆ ಒಂದು ಕಡೆ, ಕರಕರ ಎನ್ನುತ್ತಿದ್ದ ಮುಳ್ಳು ಸದ್ದಿಲ್ಲದೆ ಜಾರಿತು. ಬೀಜ ಮೇಲೇ ಉಳಿಯಿತು. ಯಾರೋ ಸಿಮೆಂಟ್ ನೀರು ಚೆಲ್ಲಿರಬೇಕೆಂದು ಮತ್ತೆ ಕೆದರಿ, ಮತ್ತೆ ಎಳೆದು, ಮುಚ್ಚಿಸಿಯೇ ಬಂದೆ.

ಮರುದಿನ ಬೆಳಿಗ್ಗೆ ಅಷ್ಟು ಜಾಗ ಮಾತ್ರ ಒದ್ದೆಯಾಗಿತ್ತು. ಮಳೆ ಬಂದಿರಲಿಲ್ಲ, ಸುತ್ತೆಲ್ಲ ಧೂಳು. ಮಣ್ಣು ಹಪ್ಪಳದಂತೆ ಎದ್ದು ಬೀಜವನ್ನು ಹೊರಗೆ ಹಾಕಿತ್ತು. ಪಾರಿವಾಳಗಳು ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ಕಾಳು ಕಣ್ಣೆದುರಿಗಿದ್ದರೂ ಒಂದೂ ಒಳಗೆ ಕಾಲಿಡಲಿಲ್ಲ.

"ನೆಲ ಬೆವರ್ತಾ ಐತೆ ಕಣಪ್ಪ. ನಾನಲ್ಲಿ ತುಳಿಯಲ್ಲ," ಎಂದಳು ಮಾದಮ್ಮ.

"ಫ್ಯಾನ್ ಹಾಕಿಸ್ಲಾ?"

"ನಗಾಡು. ಆ ಹಕ್ಕಿಗಿರೋ ಬುದ್ಧಿ ನಿಂಗಿದ್ದಿದ್ರೆ ಏಳನೇ ಕ್ಲಾಸಾದ್ರೂ ದಾಟ್ತಿದ್ದೆ."

ಹಟಕ್ಕೆ ಬಿದ್ದು ಬೇರೆ ಕಡೆಯ ಮಣ್ಣು ಹೊತ್ತು ತಂದು ಸುರಿದೆ. ಬೆಳಗಾದರೆ ಅದೂ ತೊಯ್ದಿತ್ತು. ಆಮೇಲೆ ಒಂದು ಮಳೆ ಬಿತ್ತು, ವಾರ ಕಳೆಯುವಷ್ಟರಲ್ಲಿ ಸುತ್ತ ಹಸಿರು ಎದ್ದಿತು. ನಡುವೆ ಅಷ್ಟು ಮಾತ್ರ ಬರಿದು, ದಾರ ಹಿಡಿದು ಗೆರೆ ಎಳೆದಂತೆ ನೇರ ಅಂಚಿನ ಚೌಕ. ಬೆಳಿಗ್ಗೆ ಒದ್ದೆ, ಮಧ್ಯಾಹ್ನಕ್ಕೆ ಬಿಳಿ. ರುದ್ರಪ್ಪನವರಿಗೆ ಫೋನ್ ಮಾಡಿದೆ.

"ಏನ್ ಗುರು, ಕೆಟ್ಟ ಬೀಜ ತಂದ್ಯಾ?" ಎನ್ನುತ್ತಲೇ ಬಂದರು. ನನಗೆ ಉರಿಯಿತು. "ಸಾರ್, ಸುತ್ತ ಬಂದಿರೋದೂ ಅದೇ ಬೀಜ," ಎಂದೆ.

ಅವರು ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ಮಣ್ಣು ಎತ್ತಿಕೊಂಡರು. ಮೂಸುತ್ತಾರೆಂದುಕೊಂಡೆ, ನಾಲಿಗೆಯ ಮೇಲಿಟ್ಟರು. ಮುಖದ ಬಣ್ಣವೇ ಹೋಯಿತು.

"ಉಪ್ಪು," ಎಂದರು. "ನಾನೇ ಸುರಿದಿದ್ದು. ಮೂಟೆಗಟ್ಲೆ."

ಅವರಲ್ಲಿ ತೀರಿಕೊಂಡವರನ್ನು ಚೌಕದ ಗುಂಡಿಯಲ್ಲಿ ಕೂರಿಸಿ, ಸುತ್ತ ಉಪ್ಪು, ವಿಭೂತಿ ತುಂಬುತ್ತಾರೆ. ಜೆಸಿಬಿ ಮೇಲಿನ ಮಣ್ಣನ್ನು ಕೆರೆದುಕೊಂಡು ಹೋಗಿತ್ತು. ಹಾಗೆ ಕೂತ ಅವರ ತಾಯಿಯ ತಲೆಯ ಮೇಲೆ ಎಷ್ಟು ಮಣ್ಣು ಉಳಿದಿತ್ತೋ, ನಾವು ಅದರ ಮೇಲೆ ಮುಳ್ಳು ಎಳೆದಿದ್ದೆವು.

ರುದ್ರಪ್ಪ ಬೇವಿನ ಮರದ ಕಡೆ ನೋಡಿದರು, ಕಾಲ ಕೆಳಗೆ ನೋಡಿದರು. "ಮನೆ ಮುಂದಿನ ಪಿಲ್ಲರ್ ಇಲ್ಲೇ ಬರ್ತಿತ್ತು," ಎಂದು ಚಪ್ಪಲಿ ಕಳಚಿ ಆಚೆಗಿಟ್ಟರು.

ಮನೆ ಹಿಂದಕ್ಕೆ ಸರಿಯಿತು. ಚೌಕ ಬಯಲಿಗೇ ಉಳಿಯಿತು. ಮಣ್ಣು ಬೀಜವನ್ನು ಬೇಡವೆಂದರೆ ಜೋರು ಮಾಡಬಾರದು, ಆ ನೆಲದ ಮನೆಯವರನ್ನು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.

ಈಗ ನನ್ನ ಹತ್ತಿರ ಒಂದು ಗೂಡ್ಸ್ ಆಟೋ ಇದೆ, ನಾಲ್ಕು ಜನ ಆಳು, ಜೆ.ಪಿ. ನಗರದಲ್ಲಿ ಬಾಡಿಗೆ ಮನೆ, ಕಾಯಂ ನೋಡಿಕೊಳ್ಳುವ ಹದಿನೆಂಟು ಜಾಗ. ಹದಿನೇಳರಲ್ಲಿ ಬಿತ್ತುತ್ತೇನೆ. ಒಂದರಲ್ಲಿ ಬರೀ ಗುಡಿಸಿ ಬರುತ್ತೇನೆ.