ಎರಡು ಕೊಂಡಿ, ಒಬ್ಬ ಫ್ರೆಂಚ್ ಮಂತ್ರಿ

ಜಮಖಂಡಿಯ ನಮ್ಮ ತವರುಮನೆಗೆ ನೀವು ಬಂದರೆ, ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಒಮ್ಮೆಯಾದರೂ ತಲೆಯೆತ್ತುತ್ತೀರಿ. ಮೇಲೆ ತೊಲೆಗೆ ಜಡಿದ ಎರಡು ಕಬ್ಬಿಣದ ಕೊಂಡಿಗಳಿವೆ. ಅವುಗಳಲ್ಲಿ ಏನೂ ತೂಗುತ್ತಿಲ್ಲ. ಅಲ್ಲಿದ್ದ ತೂಗುಮಂಚ ಎಲ್ಲಿ ಎಂದು ಕೇಳಿದಿರೋ, ನಾನು ಹಿಂದಿನ ಕಾಲದ ಒಬ್ಬ ಫ್ರೆಂಚ್ ಮಂತ್ರಿಯಿಂದ ಶುರುಮಾಡಬೇಕಾಗುತ್ತದೆ, ಬೇಸರಪಡಬೇಡಿ.

ಅವನ ಹೆಸರಿಗೆ ನನ್ನ ನಾಲಿಗೆ ಕಾಲೇಜಿನಲ್ಲಿ ಓದುವಾಗಲೂ ಹೊರಳಲಿಲ್ಲ, ಈಗಲೂ ಹೊರಳದು. ವಕೀಲಿಕೆಯಿಂದ ಹೊರಟು, ಒಂದೊಂದೇ ಹುದ್ದೆ ಏರಿ, ರಾಜನ ಖಜಾನೆಯ ಮಂತ್ರಿಯಾದವನು. ಬೊಕ್ಕಸ ಬರಿದಾದಾಗ ತನ್ನ ಹೆಸರಿನಲ್ಲಿ ಸಾಲ ಎತ್ತಿ ರಾಜ್ಯ ನಡೆಸಿದ, ತನಗೂ ಒಂದಿಷ್ಟು ಮಾಡಿಕೊಂಡ, ಕವಿಗಳನ್ನು ಪೋಷಿಸಿದ, ಕೊನೆಗೆ ಕಾರಂಜಿ ಉದ್ಯಾನಗಳ ಒಂದು ಮನೆ ಕಟ್ಟಿಸಿ ತರುಣ ರಾಜನನ್ನೇ ಊಟಕ್ಕೆ ಕರೆದ. ರಾಜ ಉಂಡ, ತನ್ನ ಅರಮನೆಯಲ್ಲೂ ಇಲ್ಲದ ಬೆಡಗನ್ನು ಸುತ್ತಾಡಿ ನೋಡಿದ, ಹೊರಟುಹೋದ. ತಿಂಗಳು ತುಂಬುವ ಮೊದಲೇ, ಖಜಾನೆ ನುಂಗಿದನೆಂದು, ಮಂತ್ರಿಗೆ ಸೆರೆ. ನ್ಯಾಯಾಧೀಶರು ಗಡಿಪಾರು ಸಾಕೆಂದರೂ ರಾಜ ಅದನ್ನು ಜೀವಾವಧಿ ಸೆರೆಗೇರಿಸಿದ. ಬೆಟ್ಟದ ಕೋಟೆಯೊಂದರಲ್ಲಿ ಆ ವೈಭವವೆಲ್ಲ ಮುಗಿದುಹೋಯಿತು.

ಕಾಲೇಜಿನಲ್ಲಿ ಈ ಪಾಠ ಕೇಳುತ್ತ ಉಳಿದ ಹುಡುಗಿಯರು ಆಕಳಿಸುತ್ತಿದ್ದರೆ ನನಗೆ ಅಪ್ಪನದೇ ಚಿಂತೆ ಹತ್ತಿತು. ಅಪ್ಪ ಸಕ್ಕರೆ ಕಾರ್ಖಾನೆಯೊಂದರ ಮ್ಯಾನೇಜರು. ಅದೇ ವಾರ ನಮ್ಮ ಹೊಸ ಮನೆಯ ಪ್ರವೇಶ, ಊಟಕ್ಕೆ ಕಾರ್ಖಾನೆಯ ಚೇರಮನ್ನರು ಬರುವವರಿದ್ದರು.

"ಅಪ್ಪಾ, ಚೇರಮನ್ನರನ್ನ ಕರೀಬ್ಯಾಡಪಾ," ಎಂದೆ.

"ಊರಿಗೆಲ್ಲಾ ಊಟಾ ಹಾಕಿ ಅವರನ್ನಷ್ಟ ಬಿಟ್ರ ಸಿಟ್ಟ ಬರಂಗಿಲ್ಲೇನು, ಹುಚ್ಚಿ!"

ಅದೂ ಖರೆಯೇ. ಕರೆದರೊಂದು ಭಯ, ಕರೆಯದಿದ್ದರೆ ಇನ್ನೊಂದು.

ಚೇರಮನ್ನರು ಬಂದರು, ಎರಡೆರಡು ಹೋಳಿಗೆ ಕೇಳಿ ಹಾಕಿಸಿಕೊಂಡರು. ಬಂದವರಿಗೆ ಮನೆಯ ಮೂಲೆಮೂಲೆ ತೋರಿಸದಿದ್ದರೆ ನಮ್ಮವರಿಗೆ ಸಮಾಧಾನವಿಲ್ಲವಲ್ಲ, ಅಪ್ಪ ಎಲ್ಲವನ್ನೂ ತೋರಿಸಿ ಕೊನೆಗೆ ಅವರನ್ನು ತೂಗುಮಂಚದ ಮೇಲೆ ಕೂರಿಸಿದ. ಅವರು ಕಾಲಿನಿಂದ ಮೆಲ್ಲಗೆ ಜೀಕಿ, ಹಿತ್ತಾಳೆಯ ಸರಪಳಿ ಸವರಿ ನಕ್ಕರು.

"ನಮ್ಮ ಮನ್ಯಾಗೂ ಇಂಥಾದ್ದಿಲ್ಲ ಬಿಡ್ರೀ ಮ್ಯಾನೇಜರ್ರ. ಪಗಾರದಾಗ ಭಾಳ ಛಲೋ ಮಾಡೀರಿ."

"ನಮ್ಮ ತವರುಮನಿ ಕಟಗೀರಿ, ಸಾಹೇಬ್ರ," ಎಂದಳು ಅವ್ವ, ಅಡುಗೆಮನೆಯ ಬಾಗಿಲಿನಿಂದ. ತೇರದಾಳದ ಹಳೆಯ ಮನೆ ಬಿಚ್ಚಿದಾಗ ಅವಳ ಪಾಲಿಗೆ ಬಂದಿದ್ದ ಸಾಗವಾನಿ ಅದು. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಯಾವ ತಪ್ಪೂ ಮಾಡದ ಅಪ್ಪ ಕಾರ್ಖಾನೆಯ ಜೀಪಿನ ಸದ್ದಿಗೆ ಬೆಚ್ಚುತ್ತಿದ್ದ. ಸಂಬಳದಲ್ಲಿ ಇಷ್ಟೆಲ್ಲ ಹೇಗೆಂದು ಕೇಳುತ್ತಾರೆ, ಕೆಲಸ ಹೋಗುತ್ತದೆ, ಕಳ್ಳನೆಂಬ ಹೆಸರು ಬರುತ್ತದೆ, ಅದೊಂದೇ ಧ್ಯಾನ. ಒಂದು ಬೆಳಿಗ್ಗೆ ತಾನೇ ಸ್ಟೂಲು ಹತ್ತಿ ಸರಪಳಿ ಬಿಚ್ಚಿದ. ತೂಗುಮಂಚ ಎತ್ತಿನ ಗಾಡಿಯೇರಿ ಚೇರಮನ್ನರ ಮನೆಗೆ ಹೋಯಿತು. ಅವ್ವ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು ಒಳಗೆ ಬಂದಳು. ಅಪ್ಪನ ಕೆಲಸ ಉಳಿಯಿತು.

ನನ್ನ ಮದುವೆಗೆ ಕರೆಯಲು ಚೇರಮನ್ನರ ಮನೆಗೆ ಹೋದಾಗ ನನ್ನ ಕಣ್ಣು ಪಡಸಾಲೆಯಲ್ಲೆಲ್ಲ ತೂಗುಮಂಚವನ್ನೇ ಹುಡುಕಿತು. ಚೇರಮನ್ನರ ಹೆಂಡತಿಗೆ ಗೊತ್ತಾಗಿರಬೇಕು.

"ಬೆಂಗಳೂರಿನ ಮಂತ್ರಿಗಳು ಊಟಕ್ಕ ಬರಾಕತ್ತಾರವಾ. ಅವರ ಕಣ್ಣಿಗೆ ಬೀಳೂದು ಬ್ಯಾಡಂತ ಇವರು ಅಟ್ಟದ ಮ್ಯಾಲ ಹಾಕಿಸ್ಯಾರ," ಎಂದರು.

ನಗಬೇಕಿತ್ತು, ನಗು ಬರಲಿಲ್ಲ. ಆ ಫ್ರೆಂಚ್ ರಾಜನೂ ಬಾಲ್ಯದಲ್ಲಿ ದಂಗೆಗೆ ಹೆದರಿ ರಾಜಧಾನಿ ಬಿಟ್ಟು ಓಡಿದವನಂತೆ. ಹಾಗಾದರೆ ಈ ಅಂಜಿಕೆಗೆ ಕೊನೆಯ ಮೇಲ್ಮಾಳಿಗೆ ಎಂಬುದೇ ಇಲ್ಲವೆ? ಮೇಲಿದ್ದವರೂ ಅಂಜುತ್ತಾರೆಂದು ತಿಳಿದರೆ ಧೈರ್ಯ ಬರಬೇಕಲ್ಲವೆ? ನನಗೆ ಬರಲಿಲ್ಲ. ಅಂಜಿದವರ ಕೈಯಲ್ಲಿ ಅಧಿಕಾರವಿದ್ದರೆ ಇನ್ನೂ ಕಷ್ಟ ಅನ್ನಿಸಿತು.

ಮುಂದೆ ಬಾಣಂತನಕ್ಕೆ ಬಂದಾಗ ಅವ್ವ ಅವೇ ಕೊಂಡಿಗಳಿಗೆ ನನ್ನ ಮಗಳ ತೊಟ್ಟಿಲು ಕಟ್ಟಿಸಿದಳು. ಹೆಸರಿಡುವ ದಿನ ಚೇರಮನ್ನರೂ ಬಂದು, ಬಾಗಿ ನೋಡಿ, ಮನಸಾರೆ ನಕ್ಕರು.

"ಇಂಥಾ ಛಂದನ ಕೂಸು ನಮ್ಮ ಮನ್ಯಾಗೂ ಇಲ್ಲ ಬಿಡ್ರೀ ಮ್ಯಾನೇಜರ್ರ."

ಪ್ರೀತಿಯ ಮಾತೇ ಅದು. ಆದರೆ ಅಪ್ಪನ ಕೈ ತಾನಾಗಿ ಕೊಂಡಿಯತ್ತ ಮೇಲೆದ್ದಿತು, ಅಂದು ಸರಪಳಿ ಬಿಚ್ಚಿದಂತೆಯೇ. ನಾನು ಮಗಳನ್ನು ಎತ್ತಿ ಎದೆಗವಚಿಕೊಂಡೆ.

ಅಂದು ತೊಟ್ಟಿಲು ಒಳಕೋಣೆಗೆ ಹೋಯಿತು. ಆಮೇಲೆ ಆ ಕೊಂಡಿಗಳಿಗೆ ನಾವು ಏನನ್ನೂ ಕಟ್ಟಿಲ್ಲ. ನಮ್ಮ ಮನೆಗೆ ಖಂಡಿತ ಬನ್ನಿ, ಚಹಾ ಕುಡಿಯಿರಿ. ಚೆನ್ನಾಗಿದೆ ಎಂದು ಮಾತ್ರ ಅನ್ನಬೇಡಿ.