ಆಟದ ಊರಿಗೆ ಬುತ್ತಿ

ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ನೆಟ್ ಸೆಂಟರಿನಲ್ಲಿ ನಾವೊಂದಿಷ್ಟು ಜನ ಆಡುತ್ತಿದ್ದ ಕಂಪ್ಯೂಟರ್ ಆಟದೊಳಗೆ ಒಂದು ಊರೇ ಇತ್ತು. ಅಲ್ಲಿ ಎಲ್ಲರಿಗೂ ಒಂದೊಂದು ಮನೆ. ಅದೇ ಪ್ಯಾಟಿಯಲ್ಲಿದ್ದ ನನ್ನ ಸೋದರಮಾವನ ಮಗ ದಿನಾ ಆಡುತ್ತಿದ್ದ. ಆಟದೂರಿನ ಅವನ ಮನೆಯಂಗಳದಲ್ಲಿ ಯಾವಾಗಲೂ ಜನ. ನಾನು ಕಮಲಾಪುರದಿಂದ ಭಾನುವಾರಕ್ಕೊಮ್ಮೆ ಬಸ್ ಹತ್ತಿ ಬರಬೇಕು. ಅಲ್ಲಿನ ನನ್ನ ಮನೆಗೆ ಒಂದು ನರಪಿಳ್ಳೆಯೂ ಕಾಲಿಡುತ್ತಿರಲಿಲ್ಲ. ಅವನ ಮೇಲೆ ನನಗೆ ಒಳಗೊಳಗೇ ಅಸೂಯೆ.

ಒಂದು ಶನಿವಾರ ಕಂಪನಿಯವರು ಆ ಆಟವನ್ನೇ ಶಾಶ್ವತವಾಗಿ ಬಂದ್ ಮಾಡಿದರು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರೇ ಬುತ್ತಿ ಒಯ್ದು ಉಣಿಸುತ್ತಾರೆ. ಹಾಗೆಯೇ ಮರುದಿನ ಎಲ್ಲರೂ ಮಾತಾಡಿಕೊಂಡು ರೊಟ್ಟಿ ಬುತ್ತಿ ಕಟ್ಟಿಕೊಂಡು ನೆಟ್ ಸೆಂಟರಿಗೆ ಹೋದೆವು. ತಮಾಷೆಗೆಂದೇ ಶುರುವಾಗಿದ್ದು. ಆದರೆ ಗೆಳೆಯನೊಬ್ಬ ನನ್ನ ಮಾವನ ಮಗನ ಬಾಯಿಗೆ ತುತ್ತು ಹಿಡಿದು, “ಎಂಥಾ ಮನಿ ಹೋತಲ್ಲೋ, ಒಂದ್ ತುತ್ತರ ಉಣ್ಣು” ಅಂದಾಗ ಅವನು ನಿಜಕ್ಕೂ ಅತ್ತುಬಿಟ್ಟ. ಎಲ್ಲರೂ ಅವನ ಸುತ್ತಲೇ. ಅಳುವುದರಲ್ಲೂ ಅವನದೇ ಮೇಲುಗೈ!

“ನಂದೂ ಹೋಗ್ಯಾದಲ್ಲ,” ಅಂದೆ.

ಅವನು ಕಣ್ಣೊರೆಸಿಕೊಂಡು ನನ್ನತ್ತ ನೋಡಿದ. “ಹೌದಾ? ನಿಂದೂ ಅಲ್ಲಿ ಮನಿ ಇತ್ತೇನ?”

ಅವನಿಗೆಂದು ತಂದಿದ್ದ ಬುತ್ತಿ ಬಿಚ್ಚಿ, ನನ್ನ ಬಾಯಿಗೆ ನಾನೇ ತುತ್ತಿಟ್ಟುಕೊಂಡೆ.