ಒರೆಸುವ ಬಾಟಲಿ, ತಟ್ಟುವ ಬಾಟಲಿ

ನಲವತ್ತಾರನೇ ವಯಸ್ಸಿನಲ್ಲಿ, ಗಂಡ ತೀರಿಕೊಂಡು ಆರು ವರ್ಷವಾದ ಮೇಲೆ, ನಾನು ಮುಖದ ಆರೈಕೆಗೆ ಇಳಿದೆ. ಬಳ್ಳಾರಿಯಿಂದ ಕುರುಗೋಡಿನ ಹೈಸ್ಕೂಲಿಗೆ ದಿನಾ ಕಿಟಕಿ ಮುಚ್ಚದ ಬಸ್ಸಿನಲ್ಲಿ ಹೋಗಿಬರುವವಳ ಕೆನ್ನೆ ಹೇಗಿರಬೇಕೋ ಹಾಗೇ ಇತ್ತು. ಕನ್ನಡಿಯಲ್ಲಿ ನನಗಿಂತ ಮೊದಲು ರಸ್ತೆ ಕಾಣುತ್ತಿತ್ತು.

ಫ್ಯಾನ್ಸಿ ಸ್ಟೋರಿನ ಹುಡುಗಿ ಎರಡು ಬಾಟಲಿ ಮುಂದಿಟ್ಟಳು.

“ಇದು ಟೋನರ್ ರೀ ಮೇಡಂ. ಹತ್ತಿ ಅದ್ದಿ ಒರಸಬೇಕು, ಉಳಿದ ಹೊಲಸೆಲ್ಲ ಬರ್ತೈತಿ. ಇದು ಎಸೆನ್ಸ್. ಅಂಗೈಯಾಗ ಹಾಕ್ಕೊಂಡು ಮೆತ್ತಗ ತಟ್ಟಬೇಕು, ಚರ್ಮ ಕುಡೀತೈತಿ.”

“ನನಗ ಯಾವುದು ಬೇಕು?”

“ಎರಡೂ ಬೇಕ್ರಿ.”

ವಿಜ್ಞಾನ ಪಾಠ ಮಾಡುವವಳು ನಾನು, ಲೇಬಲ್ ಓದಿದೆ. ಎರಡರಲ್ಲೂ ಮೊದಲ ಹೆಸರು ನೀರು. ಆದರೂ ಎರಡನ್ನೂ ಹೊತ್ತು ತಂದೆ. ನನ್ನ ವಿಜ್ಞಾನ ಅಷ್ಟರಮಟ್ಟಿನದು.

ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಅವರು ದೇಶನೂರಿನ ಗದ್ದೆಗಳಲ್ಲಿ ಬೆಳೆದವರು, ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವರು. ಬಾಟಲಿ ಮೂಸಿ ನೋಡಿ, “ಯಾರ್ ನೋಡ್ಲಿ ಅಂತ ಇದೆಲ್ಲ?” ಎಂದರು. “ನಾನಽ ನೋಡ್ಕೊಳ್ಳಾಕ” ಎಂದೆ. ಅವರು ಎರಡನ್ನೂ ಬಚ್ಚಲಿನಲ್ಲಿ ಫಿನಾಯಿಲ್ ಪಕ್ಕ ಇಟ್ಟು ಬಂದರು.

ಹಾಗೆ ಜೋರು ಮಾಡಿದೆನಾದರೂ ಒಳಗಿನ ಸಂಗತಿ ಬೇರೆ ಇತ್ತು. ಆರು ವರ್ಷದಿಂದ ಯಾರೂ ನನ್ನ ಕೆನ್ನೆ ಮುಟ್ಟಿರಲಿಲ್ಲ. ನಮ್ಮ ಕಡೆ ಶುಭಕಾರ್ಯದಲ್ಲಿ ಹೆಂಗಸರನ್ನು ಸಾಲಾಗಿ ಕೂರಿಸಿ ಕೆನ್ನೆಗೆ ಅರಿಶಿಣ ಬಳಿಯುತ್ತಾರೆ. ಬಟ್ಟಲು ಹಿಡಿದವರು ನನ್ನ ತನಕ ಬಂದು, ಖಾಲಿ ಸೀಟು ದಾಟಿದಂತೆ ನನ್ನನ್ನು ದಾಟಿ ಪಕ್ಕದವಳ ಮುಂದೆ ಬಗ್ಗುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುವುದರಲ್ಲಿ ನಾನು ಪಳಗಿಬಿಟ್ಟಿದ್ದೆ.

ಅಷ್ಟರಲ್ಲಿ ಸಿರುಗುಪ್ಪದಲ್ಲಿ ತಮ್ಮನ ಹೆಂಡತಿಯ ಕುಬಸ ಬಂತು, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ. ಹೊರಡುವ ಬೆಳಿಗ್ಗೆ ಟೋನರ್ ಒರೆಸಿಕೊಂಡರೆ ಕೆನ್ನೆ ಬಿಗಿದು ಚುರುಚುರು ಎಂದಿತು. ಬಿಸಿಲು ಸುಟ್ಟದ್ದು ಸಾಲದೇನು ಎಂದು ಬಾಟಲಿಗೆ ಬೈದು, ಎಸೆನ್ಸ್ ತಟ್ಟಿಕೊಂಡೆ. ಒಂದು ಸಲ ಸಾಲದೆಂದು ಮೂರು ಸಲ. ಮುಖ ಮಿರಿಮಿರಿ ಮಿಂಚಿತು, ಕೊಂಚ ಅಂಟಂಟೂ ಆಯಿತು.

ಅಲ್ಲಿ ಬಟ್ಟಲು ಹಿಡಿದವಳು ಬೀಗರ ಮನೆಯ ಹೊಸ ಸೊಸೆ, ಗಡಿಯಾಚೆಯ ತೆಲುಗಿನ ಹುಡುಗಿ. ನನ್ನ ಗುರುತಿಲ್ಲ. ಹಣೆಯ ಟಿಕಳಿ, ಹೊಳೆಯುವ ಮುಖ ನೋಡಿದವಳೇ “ಅಕ್ಕಾ, ಇಟು ಚೂಡಂಡಿ” ಎಂದು ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಎರಡೂ ಕೆನ್ನೆಗೆ ಧಾರಾಳವಾಗಿ ಬಳಿದಳು. ಬೆರಳು ತಣ್ಣಗಿದ್ದವು. ನಾನು ಹೇಳಬೇಕಿತ್ತು. ಹೇಳಲಿಲ್ಲ, ಕಣ್ಣು ಮುಚ್ಚಿಕೊಂಡೆ.

ಅಲ್ಲೇ ಇದ್ದ ನನ್ನ ಚಿಕ್ಕಮ್ಮ ನೋಡಿಬಿಟ್ಟಳು. “ಏ ಹುಡುಗೀ, ಆಕಿಗಲ್ಲ” ಎನ್ನುತ್ತಾ ಓಡಿ ಬಂದು ಸೆರಗಿನಿಂದ ತಿಕ್ಕತೊಡಗಿದಳು. ಎಸೆನ್ಸಿಗೆ ಕಚ್ಚಿಕೊಂಡ ಅರಿಶಿಣ ಹೋಗುವ ಬದಲು ಕಿವಿಯ ತನಕ ಹರಡಿತು. ನೀರು ತಂದು ಒರೆಸಿದಳು, ಗದ್ದಕ್ಕೂ ಇಳಿಯಿತು. “ಇದೇನವ್ವಾ, ಹೋಗವಲ್ದು” ಎಂದು ಸುಸ್ತಾಗಿ ಕೂತಳು. ಹೊಸ ಸೊಸೆಗೆ ಅಳುವೇ ಬಂದಿತ್ತು.

“ಇರ್ಲಿ ಬಿಡು ಚಿಗವ್ವಾ. ಗೊತ್ತಿದ್ದಽ ಹಚ್ಚಿಸ್ಕೊಂಡೀನಿ. ಆ ಹುಡುಗೀದೇನೂ ತಪ್ಪಿಲ್ಲ” ಎಂದೆ.

ಊಟದ ಪಂಕ್ತಿಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೇ. ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಸಂಜೆ ಬಳ್ಳಾರಿಗೆ ಬಂದರೆ ಅತ್ತೆ ಬಾಗಿಲಲ್ಲೇ ಇದ್ದರು. ಹಳದಿ ಮುಖ ನೋಡಿ, “ಏನಿದು?” ಎಂದರು. ಆದದ್ದೆಲ್ಲ ಹೇಳಿದೆ. ಅವರು ನನ್ನ ಕೆನ್ನೆಯನ್ನೇ ದಿಟ್ಟಿಸುತ್ತಿದ್ದದ್ದು ಕಂಡು ನನ್ನ ಧೈರ್ಯ ಜಾರಿತು. ಬಚ್ಚಲಿನಿಂದ ಎರಡೂ ಬಾಟಲಿ ತಂದು, ಹತ್ತಿಗೆ ಟೋನರ್ ಸುರಿದುಕೊಂಡೆ.

ಅತ್ತೆ ಹತ್ತಿಯನ್ನು ಕಿತ್ತುಕೊಂಡರು.

“ಒರಸಬ್ಯಾಡ.”

ಅಡುಗೆಮನೆಗೆ ಹೋಗಿ ಅರಿಶಿಣದ ಡಬ್ಬಿ ತಂದು ನನ್ನೆದುರು ಕುಳಿತರು. ನಲವತ್ತು ವರ್ಷ ಅರಿಶಿಣ ಕಾಣದ ಕೆನ್ನೆಯನ್ನು ನನ್ನ ಕಡೆ ಚಾಚಿದರು.

“ಮೊದಲ ಆ ಇನ್ನೊಂದು ಬಾಟ್ಲೀದು ತಟ್ಟು” ಎಂದರು. “ಹೋಗಬಾರದು ನೋಡು.”